ಪುಟಸಂಖ್ಯೆ ಬರೆದ ತಪ್ಪಿಗೆ

ವಿಜಯನಗರದ ನಮ್ಮ ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಒಂಬತ್ತನೇ ತರಗತಿ ಬಿ ವಿಭಾಗಕ್ಕೆ ಗುರುವಾರ ಊಟದ ನಂತರ ಲೈಬ್ರರಿ ಎಂದು ಒಂದು ಪೀರಿಯಡ್ಡು ಬರೆದಿರುತ್ತಿತ್ತು. ವೇಳಾಪಟ್ಟಿಯಲ್ಲಿ ಲೈಬ್ರರಿ ಇರುತ್ತಿತ್ತು, ತರಗತಿಯಲ್ಲಿ ಗಣಿತ ನಡೆಯುತ್ತಿತ್ತು. ಆ ವರ್ಷ ಗಣಿತದ ಮೇಷ್ಟ್ರು ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ದೀರ್ಘ ರಜೆಯ ಮೇಲೆ ಹೋದದ್ದರಿಂದ ಜ್ಞಾನಪ್ರಸಾರಕ್ಕೆ ಒಂದು ಸಂದು ಸಿಕ್ಕಿತು. ಹೆಡ್‌ಮಾಸ್ಟರು ಗ್ರಂಥಪಾಲಕನಾದ ನನ್ನನ್ನು ಕರೆಸಿ, ಆ ಪೀರಿಯಡ್ಡಿನಲ್ಲಿ ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಂಡರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ ಎಂದು ಅಪ್ಪಣೆ ಕೊಡಿಸಿದರು. ಎರಡನೆಯ ಮಾತನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮುಂದಿನದೆಲ್ಲ ಅಲ್ಲಿಂದ ಶುರು.

ನಮ್ಮ ಗ್ರಂಥಾಲಯವೆಂಬ ಮಹಾಸಂಸ್ಥಾನದಲ್ಲಿ ಮೂರು ಕಬ್ಬಿಣದ ಬೀರು, ಒಂದು ಉದ್ದ ಮೇಜು, ಎರಡು ಬೆಂಚು ಇದ್ದವು. ಶಾಲೆಯ ಬ್ಯಾಂಡಿನ ದೊಡ್ಡ ಡೋಲು ಕೂಡ ಅಲ್ಲೇ ಇರುತ್ತಿತ್ತು. ಬೀರುಗಳಿಗೆ ಸದಾ ಬೀಗ. ಪುಸ್ತಕ ಕಳೆದರೆ ಜವಾಬ್ದಾರಿ ಗ್ರಂಥಪಾಲಕನದು ಎಂಬ ನಿಯಮವಿದ್ದಾಗ ಯಾವ ಗ್ರಂಥಪಾಲಕನೂ ಪುಸ್ತಕವನ್ನು ಹೊರಗೆ ಬಿಡುವುದಿಲ್ಲ. ನನಗಿಂತ ಮುಂಚೆ ಇದ್ದವರು ಒಂದೇ ಒಂದು ಪುಸ್ತಕವನ್ನೂ ಕಳೆಯದೆ ನಿವೃತ್ತರಾಗಿ, ಶಾಲು ಹೊದಿಸಿಕೊಂಡು ಹೋಗಿದ್ದರು. ಹೀಗಾಗಿ ಮಕ್ಕಳಿಗೆ ಬೀರು ಗೊತ್ತಿತ್ತು, ಪುಸ್ತಕ ಗೊತ್ತಿರಲಿಲ್ಲ.

ನಾನು ಕಲಿಸಬೇಕೆಂದುಕೊಂಡದ್ದು ದೊಡ್ಡ ವಿದ್ಯೆಯೇನಲ್ಲ. ಒಂದು ಸಂಗತಿ ಕಿವಿಗೆ ಬಿದ್ದರೆ ಅದನ್ನು ಪುಸ್ತಕದಲ್ಲಿ ಹುಡುಕುವುದು ಹೇಗೆ, ಸಿಕ್ಕಿದ್ದನ್ನು ಎಷ್ಟು ನಂಬಬೇಕು, ಇಷ್ಟೇ. ಮೊದಲ ಗುರುವಾರ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದ್ದು? ಬೇರೆ ಯಾರಾದರೂ ಹಾಗೇ ಹೇಳುತ್ತಾರೆಯೆ? ಮಕ್ಕಳು ಶ್ರದ್ಧೆಯಿಂದ ಬರೆದುಕೊಂಡರು. ಮುಂದಿನ ಗುರುವಾರ ನಾನು ಒಳಗೆ ಕಾಲಿಟ್ಟ ಕೂಡಲೇ ಇಡೀ ತರಗತಿ ಎದ್ದು ನಿಂತು ಮೂರು ಪ್ರಶ್ನೆಗಳನ್ನೂ ಮಗ್ಗಿಯ ರಾಗದಲ್ಲಿ ಒಪ್ಪಿಸಿತು. ಇದು ಎಷ್ಟು ಮಾರ್ಕ್ಸಿಗೆ ಬರುತ್ತದೆ ಎಂದು ಮುಂದಿನ ಬೆಂಚಿನವನೊಬ್ಬ ವಿಚಾರಿಸಿದ. ಮಾರ್ಕ್ಸಿಗೆ ಬರುವುದಿಲ್ಲ ಎಂದೆ. ಅವನು ಪೆನ್ನಿನ ಕ್ಯಾಪು ಹಾಕಿದ.

ಬೋರ್ಡನ್ನು ಬಿಟ್ಟು ಬೀರು ತೆಗೆದೆ. ಎರಡು ಭೂಗೋಳದ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ನಾವಿರುವ ರಾಜ್ಯ ಯಾವುದೆಂದು ಎರಡರಲ್ಲೂ ನೋಡಿ ಹೇಳಿ ಎಂದೆ. ಒಂದು ಕರ್ನಾಟಕ ಎಂದಿತು, ಇನ್ನೊಂದು ಮೈಸೂರು ರಾಜ್ಯ ಎಂದಿತು. ತರಗತಿಯಲ್ಲಿ ಯುದ್ಧವೇ ಆಯಿತು. ಹಳೆಯ ಪುಸ್ತಕ ಸುಳ್ಳು ಎಂದು ಒಂದು ಪಕ್ಷ, ಅಚ್ಚಾದ ಪುಸ್ತಕ ಸುಳ್ಳು ಹೇಳುವುದಿಲ್ಲ ಎಂದು ಇನ್ನೊಂದು ಪಕ್ಷ. ಆಗ ಪುಸ್ತಕದ ಹೆಸರಿರುವ ಹಾಳೆಯನ್ನು ತಿರುವಿ, ಅದರ ಬೆನ್ನಲ್ಲಿ ಅಚ್ಚಾದ ವರ್ಷವನ್ನು ತೋರಿಸಿದೆ. ಒಂದು ನಿಮಿಷ ಎಲ್ಲರೂ ಸುಮ್ಮನಾದರು. ನನ್ನ ವೃತ್ತಿಜೀವನದಲ್ಲಿ ಅಂಥ ಮೌನ ಹೆಚ್ಚು ಸಲ ಸಿಕ್ಕಿಲ್ಲ.

ಪದಸೂಚಿಗೆ ಇನ್ನಷ್ಟು ವಾರ ಹಿಡಿಯಿತು. ಪುಸ್ತಕದ ಕೊನೆಯಲ್ಲಿರುವ ಆ ಪಟ್ಟಿಯನ್ನು ಮಕ್ಕಳು ಬಾಯಿಪಾಠ ಮಾಡಬೇಕಾದ ಕಠಿಣ ಪದಗಳೆಂದು ತಿಳಿದಿದ್ದರು. ಹೆಗ್ಗನಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗ ಜಗತ್ತಿನ ಅಟ್ಲಾಸಿನ ಸೂಚಿಯಲ್ಲಿ ತನ್ನೂರನ್ನು ಹುಡುಕಿ, ಸಿಗದೆ, ಅಟ್ಲಾಸಿನ ಮೇಲೆಯೇ ನಂಬಿಕೆ ಕಳೆದುಕೊಂಡ. ಇದನ್ನೂ ಒಂದು ವಿಧದ ಪ್ರಗತಿಯೆಂದೇ ನಾನು ಎಣಿಸಿದೆ.

ದಸರಾ ರಜೆಯ ಹೊತ್ತಿಗೆ ಒಂದು ಶಿಸ್ತನ್ನು ಜಾರಿಗೆ ತಂದಿದ್ದೆ. ಯಾವ ಉತ್ತರ ಬರೆದರೂ ಅದರ ಕೆಳಗೆ ಪುಸ್ತಕದ ಹೆಸರು, ಪುಟಸಂಖ್ಯೆ ಬರೆಯಬೇಕು. ಬರೆಯದಿದ್ದರೆ ನಾನು ಓದುವುದಿಲ್ಲ. ಮಕ್ಕಳಿಗೆ ಇದು ಅತಿಯಾಗಿ ಹಿಡಿಸಿತು. ಹೊಟ್ಟೆನೋವೆಂದು ರಜೆ ಚೀಟಿ ಬರೆದವನೊಬ್ಬ ಅದರ ಕೆಳಗೆ ಆರೋಗ್ಯವಿಜ್ಞಾನದ ಪುಸ್ತಕದ ಹೆಸರನ್ನೂ ಪುಟವನ್ನೂ ನಮೂದಿಸಿದ್ದ. ನಾನು ನಕ್ಕೆ. ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ.

ಆ ತರಗತಿಯಲ್ಲಿ ನಾಯಂಡಹಳ್ಳಿಯಿಂದ ಬರುವ ಒಬ್ಬ ಹುಡುಗಿಯಿದ್ದಳು. ಎರಡು ಜಡೆ, ಕೆಂಪು ಟೇಪು, ಗಣಿತದಲ್ಲಿ ಸದಾ ಫೇಲು. ಆದರೆ ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ. ನಿಮ್ಮ ಮನೆಯ ಹತ್ತಿರದ ಏನಾದರೂ ಒಂದನ್ನು ಪುಸ್ತಕದಲ್ಲಿ ಪತ್ತೆ ಮಾಡಿ ಎಂದು ನಾನು ಹೇಳಿದಾಗ ಅವಳು ಬಂದು ನಿಂತಳು.

"ಸಾರ್, ನಮ್ಮನೆ ಹಿಂದೆ ಮೋರಿ ಬಿಟ್ರೆ ಏನೂ ಇಲ್ಲ."

"ಮೋರಿನೇ ಹುಡುಕು."

ಅವಳ ಮನೆಯ ಹಿಂದೆ ಹರಿಯುತ್ತಿದ್ದದ್ದು ಊರಿನವರೆಲ್ಲ ಕೆಂಗೇರಿ ಮೋರಿ ಎನ್ನುತ್ತಿದ್ದ ಕಪ್ಪುನೀರು. ಅದರ ವಾಸನೆ ಮೈಸೂರು ರಸ್ತೆಯ ಬಸ್ಸಿನಲ್ಲಿ ಕೂತವರಿಗೂ ಸ್ಟಾಪು ಬಂತೆಂದು ತಿಳಿಸುತ್ತಿತ್ತು. ಜಿಲ್ಲೆಯ ಊರು, ಹೊಳೆಗಳ ವಿವರವೆಲ್ಲ ಇರುವ, ಇಂಗ್ಲಿಷಿನಲ್ಲಿದ್ದ ದಪ್ಪನೆಯ ಜಿಲ್ಲಾ ಗ್ಯಾಸೆಟಿಯರನ್ನು ತೆಗೆದುಕೊಟ್ಟೆ. ಅವಳು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಊಟದ ಬಿಡುವಿನಲ್ಲಿ ಬಂದು ಬಂದು ಓದಿದಳು. ಗೊತ್ತಾಗದ ಪದಕ್ಕೆ ನನ್ನ ಹತ್ತಿರ ಬರುವ ಮೊದಲು ನಿಘಂಟಿನ ಹತ್ತಿರ ಹೋಗುತ್ತಿದ್ದಳು. ಒಂದು ದಿನ ಪುಸ್ತಕವನ್ನು ನನ್ನ ಮುಂದೆ ತಿರುಗಿಸಿಟ್ಟು, ಒಂದು ಸಾಲಿನ ಮೇಲಿದ್ದ ಬೆರಳನ್ನು ತೆಗೆಯದೆ ಹೇಳಿದಳು.

"ಸಾರ್, ಮೋರಿಗೆ ಹೆಸರಿದೆ. ವೃಷಭಾವತಿ. ಅದು ನದಿಯಂತೆ ಸಾರ್."

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿರಲಿಲ್ಲ. ವೃಷಭಾವತಿ ಹೋಗಿ ಅರ್ಕಾವತಿಗೆ, ಅರ್ಕಾವತಿ ಹೋಗಿ ಕಾವೇರಿಗೆ, ಕಾವೇರಿ ಸಮುದ್ರಕ್ಕೆ. ಮನೆಯ ಹಿತ್ತಲಿನಿಂದ ಬಂಗಾಳ ಕೊಲ್ಲಿಯವರೆಗೆ ಅವಳು ಪೆನ್ಸಿಲಿನ ಗೆರೆ ಎಳೆದು, ಪ್ರತಿ ಸಂಗಮಕ್ಕೂ ಒಂದು ಪುಟಸಂಖ್ಯೆ ಬರೆದಳು. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆಯದು ಎಡದಂಡೆ, ಬಲಗೈ ಕಡೆಯದು ಬಲದಂಡೆ ಎಂದು ನಾನು ವಿವರಿಸಿದ್ದೆ. ಅವಳು ಅಟ್ಲಾಸನ್ನು ನೆಲದ ಮೇಲಿಟ್ಟು, ಕಾವೇರಿಯ ದಿಕ್ಕಿಗೆ ಮುಖ ಮಾಡಿ ನಿಂತು ಪರೀಕ್ಷಿಸಿದಳು. ಅರ್ಕಾವತಿ ಎಡದಂಡೆ.

ಇಲ್ಲಿ ನಮ್ಮ ಸಮಾಜದ ಮೇಷ್ಟ್ರನ್ನು ಪರಿಚಯಿಸಬೇಕು. ಸಮಾಜವಿಜ್ಞಾನದಲ್ಲಿ ಶಾಲೆಗೆ ವರ್ಷವರ್ಷವೂ ಒಳ್ಳೆಯ ಫಲಿತಾಂಶ ತಂದುಕೊಟ್ಟವರು ಅವರು. ಪಠ್ಯಪುಸ್ತಕವನ್ನು ಮುಟ್ಟುತ್ತಿರಲಿಲ್ಲ; ನೋಟ್ಸ್ ಹೇಳಿ ಬರೆಸುತ್ತಿದ್ದರು. ಆ ನೋಟ್ಸಿಗೆ ಒಂದು ವಂಶಾವಳಿಯಿತ್ತು. ವರ್ಷದ ಕೊನೆಗೆ ತರಗತಿಯಲ್ಲಿ ಯಾರ ಅಕ್ಷರ ಅತ್ಯಂತ ದುಂಡಗಿದೆಯೋ ಅವರ ನೋಟ್ಸನ್ನು ಮೇಷ್ಟ್ರು ತೆಗೆದಿಟ್ಟುಕೊಂಡು, ಮುಂದಿನ ವರ್ಷ ಅದನ್ನು ನೋಡಿ ಬರೆಸುತ್ತಿದ್ದರು. ಅವರ ಕನ್ನಡಕಕ್ಕೆ ದುಂಡಗಿನ ಅಕ್ಷರವೇ ಬೇಕಿತ್ತು. ಆಯ್ಕೆಯಾದವರ ಹೆಸರನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳುತ್ತಿದ್ದರು. ಮಕ್ಕಳಲ್ಲಿ ಅದಕ್ಕೆ ಮೊದಲ ರ್‍ಯಾಂಕಿನಷ್ಟೇ ಮರ್ಯಾದೆ. ಹೀಗೆ ಆ ನೋಟ್ಸು ಒಂದು ಮಗುವಿನ ಕೈಯಿಂದ ಇನ್ನೊಂದು ಮಗುವಿನ ಕೈಗೆ, ಓಲೆಗರಿಯ ಕಾವ್ಯದಂತೆ ಪ್ರತಿಯಿಂದ ಪ್ರತಿಗೆ ಇಳಿದು ಬಂದಿತ್ತು. ಯಾವುದೋ ಒಂದು ವರ್ಷ, ಊಟದ ನಂತರ ಯಾವುದೋ ಒಂದು ಮಗು ತೂಕಡಿಸಿ ಕಾವೇರಿಯ ಎಡದಂಡೆಯ ನದಿಗಳನ್ನು ಬಲದಂಡೆಯ ಕೆಳಗೂ ಬಲದಂಡೆಯವನ್ನು ಎಡದಂಡೆಯ ಕೆಳಗೂ ಬರೆದಿತ್ತು. ಆ ಮಗುವಿನ ಅಕ್ಷರ ದುಂಡಗಿತ್ತು. ಅಂದಿನಿಂದ ನಮ್ಮ ಶಾಲೆಯ ಮಟ್ಟಿಗೆ ಅರ್ಕಾವತಿಯು ತನ್ನ ದಂಡೆಯನ್ನು ಬದಲಾಯಿಸಿತ್ತು. ಇನ್ನೊಂದು ಮಗು ಇನ್ನೊಂದು ವರ್ಷ ಭಾರತ ಎಂಬ ಪದವನ್ನು ಹಾರಿಸಿ, ಜೋಗ ಜಲಪಾತವನ್ನು ಇಡೀ ಜಗತ್ತಿಗೇ ಎತ್ತರ ಮಾಡಿತ್ತು.

ಹುಡುಗಿ ನೋಟ್ಸನ್ನೂ ಅಟ್ಲಾಸನ್ನೂ ಒಟ್ಟಿಗೆ ತಂದು ನನ್ನ ಮುಂದಿಟ್ಟಳು. ಬೇರೆ ಕಡೆಯೂ ನೋಡು ಎಂದೆ. ಪಠ್ಯಪುಸ್ತಕದಲ್ಲಿ ನೋಡಿದಳು, ಗ್ಯಾಸೆಟಿಯರಿನಲ್ಲಿ ನೋಡಿದಳು. ಮೇಷ್ಟ್ರನ್ನೂ ಕೇಳಿದಳಂತೆ. ಅವರು, ನಾನು ಹೇಳಿದ್ದನ್ನ ಬರ್ಕೊ, ನದಿ ಬಂದು ಪೇಪರ್ ತಿದ್ದಲ್ಲ, ಎಂದರಂತೆ. ಅವಳು ತನ್ನ ನೋಟ್ಸಿನಲ್ಲಿ ತಪ್ಪು ಸಾಲುಗಳಿಗೆ ಅಡ್ಡಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಅಂಚಿನಲ್ಲಿ ಪುಟಸಂಖ್ಯೆ ಹಾಕಿ ನನಗೆ ತೋರಿಸಿದಳು. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ ಎಂದಳು. ನೋಡಿ ಖಾತ್ರಿ ಮಾಡಿಕೊಂಡದ್ದನ್ನು ಬರಿ ಎಂದೆ. ಇನ್ನೇನು ಹೇಳಬೇಕಿತ್ತು ಎಂಬುದು ಈಗಲೂ ನನಗೆ ತಿಳಿದಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಕಾವೇರಿಯ ಮೇಲೆ ದೊಡ್ಡ ಪ್ರಶ್ನೆ ಬಂತು. ಹುಡುಗಿ ಉಪನದಿಗಳನ್ನು ಆಯಾ ದಂಡೆಗೆ ಸೇರಿಸಿದಳು, ನಕ್ಷೆ ಬರೆದಳು, ಜೋಗವನ್ನು ಭಾರತದೊಳಗೇ ಇರಿಸಿದಳು. ಆಮೇಲೆ, ಶಿಸ್ತು ಎಂದರೆ ಶಿಸ್ತು, ಪ್ರತಿ ಉತ್ತರದ ಕೆಳಗೂ ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ಬರೆದಳು. ವರ್ಷವಿಡೀ ಬರೆದು ಬರೆದು ಅವು ಅವಳಿಗೆ ಬಾಯಿಪಾಠವಾಗಿದ್ದವು. ಉತ್ತರ ಬಾಯಿಪಾಠ ಮಾಡಬೇಡಿ ಎಂದು ನಾನು ಹೇಳಿದ್ದಕ್ಕೆ ಮಕ್ಕಳು ಪುಟಸಂಖ್ಯೆಯನ್ನು ಬಾಯಿಪಾಠ ಮಾಡಿದ್ದರು.

ಸಮಾಜದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕೆಂಪು ಪೆನ್ನು ಕೆಳಗಿಟ್ಟರು. ಮೂವತ್ತು ವರ್ಷ ಪೇಪರು ತಿದ್ದಿದವರು, ಎಷ್ಟೋ ತರಹದ ಕಳ್ಳರನ್ನು ನೋಡಿದವರು. ತೋಳಿನ ಮೇಲೆ ಬರೆದುಕೊಂಡವರು, ಲಂಗದ ಅಂಚಿನಲ್ಲಿ ಬರೆದುಕೊಂಡವರು, ಚೀಟಿ ನುಂಗಿದವರು. ಆದರೆ ಯಾವ ಪುಸ್ತಕದ ಯಾವ ಪುಟದಿಂದ ಕಾಪಿ ಹೊಡೆದೆ ಎಂದು ಉತ್ತರಪತ್ರಿಕೆಯಲ್ಲೇ ಬರೆದುಕೊಟ್ಟ ಕಳ್ಳಿಯನ್ನು ಅವರು ಈವರೆಗೆ ಕಂಡಿರಲಿಲ್ಲ. ಪುಟ ಮುಂದಿಟ್ಟುಕೊಳ್ಳದೆ ಪುಟಸಂಖ್ಯೆ ಬರೆಯಲು ಸಾಧ್ಯವೆಂಬುದು ಅವರ ಕಲ್ಪನೆಗೆ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಇನ್ನಾರ ಕಲ್ಪನೆಗೂ ಬರಲಿಲ್ಲ. ಪೇಪರಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದು ಸೊನ್ನೆ ಸುತ್ತಿದರು.

ಮರುದಿನ ಅವಳನ್ನು ಆ ಪೇಪರಿನೊಂದಿಗೆ ಒಂಬತ್ತನೇ ತರಗತಿಯ ಎಲ್ಲ ವಿಭಾಗಗಳಿಗೂ ಕರೆದುಕೊಂಡು ಹೋದರು. ಪ್ರತಿ ತರಗತಿಯಲ್ಲೂ ಬೋರ್ಡಿನ ಮುಂದೆ ನಿಂತು, ಪೇಪರನ್ನು ಎದೆಯ ಮುಂದೆ ಎರಡು ಕೈಯಲ್ಲಿ ಹಿಡಿದುಕೊಳ್ಳಬೇಕು. ಇದು ಕಾಪಿ, ನೋಡ್ಕೊಳ್ಳಿ, ಎಂದು ಮೇಷ್ಟ್ರು ಹೇಳುವುದು, ಮಕ್ಕಳು ನೋಡುವುದು. ಮೇಷ್ಟ್ರ ಕೋಪ ತಗ್ಗಿದ ಮೇಲೆ ಹೆಡ್‌ಮಾಸ್ಟರ ಮುಂದೆಯೇ ವಿಷಯ ಎತ್ತುವುದು ಮೇಲು ಎಂದುಕೊಂಡು ನಾನು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದೆ. ಅವಳು ಬಿ ವಿಭಾಗದಿಂದ ಸಿ ವಿಭಾಗಕ್ಕೆ ಹೋಗುವಾಗ ನನ್ನ ಮುಂದೆಯೇ ಹಾದುಹೋದಳು. ಕಾರಿಡಾರಿನಲ್ಲೂ ಪೇಪರನ್ನು ಹಾಗೆಯೇ ಹಿಡಿದುಕೊಂಡಿದ್ದಳು. ಇಳಿಸಬಹುದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಒಂಬತ್ತನೇ ತರಗತಿ ಎಂದರೆ ಏನೆಂದು ಹೇಳದಿದ್ದರೆ ಇದರ ತೂಕ ತಿಳಿಯುವುದಿಲ್ಲ. ಹತ್ತನೇ ತರಗತಿಯ ಫಲಿತಾಂಶ ಕೆಡಬಾರದೆಂದು ನಮ್ಮ ಶಾಲೆ ಒಂಬತ್ತರಲ್ಲೇ ಮಕ್ಕಳನ್ನು ಸೋಸುತ್ತಿತ್ತು. ಒಂದು ವಿಷಯದಲ್ಲಿ ಫೇಲಾದರೆ ಗ್ರೇಸ್ ಕೊಟ್ಟು ಮುಂದೆ ತಳ್ಳುವುದು, ಎರಡರಲ್ಲಿ ಫೇಲಾದರೆ ನಿಲ್ಲಿಸುವುದು, ಇದು ಪದ್ಧತಿ. ಮೇಷ್ಟ್ರೇ ಇಲ್ಲದ ಗಣಿತದಲ್ಲಿ ಹುಡುಗಿ ಹೇಗೂ ಫೇಲು. ಗ್ರೇಸ್ ಅದಕ್ಕೇ ಮುಗಿಯಿತು. ಸಮಾಜದ ಸೊನ್ನೆ ಅವಳನ್ನು ನಿಲ್ಲಿಸುತ್ತಿತ್ತು.

ಅವಳ ತಂದೆಯನ್ನು ಕರೆಸಿದರು. ಕಾರ್ಖಾನೆಯಲ್ಲಿ ಹೆಲ್ಪರು. ಶಿಫ್ಟು ಮುಗಿಸಿ ನೀಲಿ ಯೂನಿಫಾರ್ಮಿನಲ್ಲೇ ಬಂದಿದ್ದರು. ಹೆಡ್‌ಮಾಸ್ಟರ ಮೇಜಿನ ಈಚೆ ಕುರ್ಚಿಯಿದ್ದರೂ ಕೂರಲಿಲ್ಲ. ಮಗಳು ಕಾಪಿ ಹೊಡೆದಿದ್ದಾಳೆಂದು ಹೆಡ್‌ಮಾಸ್ಟರು ಹೇಳಿದರು. ಹೊಡೆದಿಲ್ಲ ಎಂದು ನಾನು ಹೇಳಿದೆ. ಆತ ಇಬ್ಬರನ್ನೂ ಒಮ್ಮೆ ನೋಡಿದರು.

"ಕಾಪಿ ಹೊಡೆದಿದ್ರೆ ನಾಲ್ಕು ಬಿಡಿ ಸಾರ್. ಹೊಡೆದಿಲ್ಲ ಅಂದ್ರೂ ನಾಲ್ಕು ಬಿಡಿ. ಪಾಸ್ ಮಾಡಿ ಅಷ್ಟೇ. ಇನ್ನೊಂದು ವರ್ಷ ಇದೇ ಕ್ಲಾಸು ಅಂದ್ರೆ ನನ್ ಕೈಲಾಗಲ್ಲ. ಅವರಮ್ಮ ಕಾಮಾಕ್ಷಿಪಾಳ್ಯದಲ್ಲಿ ಊದುಬತ್ತಿ ಹೊಸೀತಾಳೆ. ಪಕ್ಕದಲ್ಲಿ ಮಣೆ ಹಾಕಿ ಕೂರಿಸ್ತೀನಿ."

ಬೆದರಿಕೆಯ ಧ್ವನಿಯಲ್ಲಿ ಹೇಳಿದ್ದಲ್ಲ. ನಾಳೆ ಯಾವ ಶಿಫ್ಟು ಎಂದು ಹೇಳಿದ ಹಾಗೆ ಹೇಳಿದರು. ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು. ಕೇಳಿಸಿರಬೇಕು.

ತಂದೆ ಹೋದ ಮೇಲೆ ನಾನು, ಹೆಡ್‌ಮಾಸ್ಟರು, ಸಮಾಜದ ಮೇಷ್ಟ್ರು ಮೂವರೇ ಉಳಿದೆವು. ಅಟ್ಲಾಸು, ಪಠ್ಯಪುಸ್ತಕ, ಗ್ಯಾಸೆಟಿಯರು ಮೂರನ್ನೂ ಹೊತ್ತುಕೊಂಡು ಹೋಗಿದ್ದೆ. ಪುಟಗಳಲ್ಲಿ ಗುರುತಿನ ಚೀಟಿಯಿಟ್ಟು ಒಂದೊಂದಾಗಿ ಬಿಡಿಸಿ ತೋರಿಸಿದೆ. ಪುಟಸಂಖ್ಯೆ ಬರೆಯುವುದನ್ನು ಕಲಿಸಿದವನು ನಾನೇ ಎಂದೂ ಹೇಳಿದೆ. ಹೆಡ್‌ಮಾಸ್ಟರು ತಾಳ್ಮೆಯಿಂದ ಕೇಳಿದರು. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

"ಸ್ವಾಮಿ, ನೀವು ತೋರಿಸ್ತಿರೋದು ಸರಿನೇ ಇರಬಹುದು. ಇವಳಿಗೆ ಮಾರ್ಕ್ಸ್ ಕೊಡೋಣ. ಆಗ ಆ ಕಡೆ ಈ ಕಡೆ ಅದಲುಬದಲು ಬರೆದ ಮಿಕ್ಕ ಅಷ್ಟೂ ಮಕ್ಕಳ ಮಾರ್ಕ್ಸ್ ಕಿತ್ಕೋಬೇಕಲ್ಲ. ಕಿತ್ಕೊಳ್ಳಲಾ?"

ಎರಡೂ ಉತ್ತರಗಳಿಗೆ ಮಾರ್ಕ್ಸ್ ಕೊಡಬಹುದಲ್ಲ ಎಂದೆ. ಹಾಗೆ ಕೊಟ್ಟರೆ ಒಂದು ನದಿ ಎರಡೂ ದಂಡೆಯಲ್ಲಿ ಹರಿಯುತ್ತದೆ ಎಂದು ಶಾಲೆ ಒಪ್ಪಿಕೊಂಡ ಹಾಗಾಗುತ್ತದೆ, ಇಷ್ಟು ವರ್ಷ ಪಾಸಾಗಿ ಹೋದವರ ಅಪ್ಪಂದಿರು ಬಂದು ಕೇಳಿದರೆ ಏನು ಹೇಳುವುದು ಎಂದರು. ಸಮಾಜದ ಮೇಷ್ಟ್ರು ಅಷ್ಟು ಹೊತ್ತೂ ಅಟ್ಲಾಸಿನ ಪುಟವನ್ನೇ ನೋಡುತ್ತಿದ್ದರು. ಅವರಿಗೆ ತಿಳಿಯಿತು ಎಂಬುದು ನನಗೆ ತಿಳಿಯಿತು. ತಿಳಿದದ್ದರಿಂದಲೇ ಅವರು ಗಟ್ಟಿಯಾದರು.

"ನದಿ ವಿಷಯ ಬಿಡಿ. ಪುಟಸಂಖ್ಯೆ? ನೋಡದೆ ಬರೆಯೋಕೆ ಆಗತ್ತಾ? ನಂಗೇ ಆಗಲ್ಲ."

ಅಲ್ಲಿ ನಾನು ಒಂದು ದಾರಿ ಕಂಡೆನೆಂದುಕೊಂಡೆ. ಅವಳನ್ನು ನಿಲ್ಲಿಸಿ ಬಾಯಿಯಲ್ಲಿ ಕೇಳಿ, ಒಂದು ಚೂರು ಕಾಗದವೂ ಇಲ್ಲದೆ ಎಲ್ಲವನ್ನೂ ಹೇಳುತ್ತಾಳೆ, ಆಗ ಕಾಪಿಯಲ್ಲ ಎಂದು ಸಾಬೀತಾಗುತ್ತದೆ ಎಂದೆ. ಹೆಡ್‌ಮಾಸ್ಟರಿಗೆ ಈ ಸಲಹೆ ತುಂಬ ಹಿಡಿಸಿತು. ಒಡನೆಯೇ ತೀರ್ಪು ಕೊಟ್ಟರು. ತರಗತಿಯ ಎದುರಿಗೇ ಬಾಯಿಪರೀಕ್ಷೆ. ಕೇಳುವವರು ಸಮಾಜದ ಮೇಷ್ಟ್ರು. ಗ್ರಂಥಪಾಲಕರು ಪಕ್ಕದಲ್ಲಿ ಸಾಕ್ಷಿಯಾಗಿ ಕೂರತಕ್ಕದ್ದು. ಪಾಸಾದರೆ ಮೇಲಿನ ತರಗತಿ. ಒಂದೇ ಒಂದು ಷರತ್ತು: ಉತ್ತರಗಳು ನೋಟ್ಸಿನ ಪ್ರಕಾರ ಇರಬೇಕು.

ನಾನು ಪುಸ್ತಕಗಳನ್ನು ಎತ್ತಿಕೊಂಡು ಬಂದೆ. ಬೀರಿನೊಳಗಿಟ್ಟು ಬೀಗ ಹಾಕಿ ಕೂತು ಯೋಚಿಸಿದೆ. ಮೇಲಿನವರಿಗೆ ಅರ್ಜಿ ಬರೆಯಬಹುದಿತ್ತು. ಬರೆದರೆ ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ತೀರ್ಮಾನವಾಗುವ ಹೊತ್ತಿಗೆ ಹುಡುಗಿಯ ಬೆರಳಿಗೆ ಊದುಬತ್ತಿಯ ಕರಿ ಹತ್ತಿ ಎಷ್ಟೋ ಕಾಲವಾಗಿರುತ್ತಿತ್ತು. ಸತ್ಯಕ್ಕೆ ಅವಸರವಿರಲಿಲ್ಲ, ಅರ್ಕಾವತಿ ಹೇಗೂ ತನ್ನ ದಂಡೆಯಲ್ಲೇ ಹರಿಯುತ್ತಿತ್ತು. ಅವಸರವಿದ್ದದ್ದು ಹುಡುಗಿಗೆ. ತಪ್ಪನ್ನು ನಾನೇ ಅವಳಿಗೆ ಕಲಿಸುವುದೆಂದು ನಿಶ್ಚಯಿಸಿದೆ. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ.

ಊಟದ ಬಿಡುವಿನಲ್ಲಿ ಅವಳನ್ನು ಕರೆಸಿದೆ. ಅವಳು ಅಭ್ಯಾಸದಂತೆ ನೇರವಾಗಿ ಬೀರಿನ ಹತ್ತಿರ ಹೋದಳು. ಬೀರು ಬೇಡ, ಕೂತ್ಕೊ ಎಂದೆ. ಷರತ್ತನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಜಡೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಸಾರ್, ನೀವೇ ಹೇಳಿದ್ರಲ್ಲ, ಖಾತ್ರಿ ಮಾಡ್ಕೊಂಡಿದ್ದನ್ನ ಬರಿ ಅಂತ."

"ಹೇಳಿದ್ದೆ."

"ಈಗ?"

"ಈಗ ಪಾಸಾಗು."

ಅವಳು ತಲೆಯಾಡಿಸಿದಳು. ಅಳಲಿಲ್ಲ, ವಾದಿಸಲಿಲ್ಲ. ಗೆಳತಿಯ ನೋಟ್ಸನ್ನು ಎರವಲು ತಂದಳು, ತನ್ನದರಲ್ಲಿ ತಿದ್ದುಪಡಿಗಳಿದ್ದವಲ್ಲ. ನಾನು ಕೇಳುತ್ತ ಹೋದೆ, ಅವಳು ಹೇಳುತ್ತ ಹೋದಳು. ಸರಿಯಾದದ್ದು ಬಾಯಿಗೆ ಬಂದಾಗಲೆಲ್ಲ ತಪ್ಪು ಎನ್ನುತ್ತಿದ್ದೆ. ಹೇಮಾವತಿ? ಎಡ. ತಪ್ಪು. ಬಲ. ಸರಿ. ಶಿಂಷಾ? ಬಲ. ಸರಿ. ಕಬಿನಿ? ಬಲ. ತಪ್ಪು. ವರ್ಷವಿಡೀ ನಾನು ಕಲಿಸಿದ್ದರಲ್ಲಿ ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಯಾರಿಗೂ ಏನೂ ಹತ್ತಿದ್ದಿಲ್ಲ. ಕೆಲವೇ ದಿನಗಳಲ್ಲಿ ಅವಳು ತಡವರಿಸುವುದನ್ನು ಬಿಟ್ಟಳು.

ಬಾಯಿಪರೀಕ್ಷೆಯ ದಿನ ತರಗತಿ ತುಂಬಿತ್ತು. ಪಕ್ಕದ ವಿಭಾಗದವರೂ ಕಿಟಕಿಯಲ್ಲಿ ಇಣುಕುತ್ತಿದ್ದರು. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಹೆಡ್‌ಮಾಸ್ಟರು ಕೂತರು. ನನಗೆ ಸಾಕ್ಷಿಯ ಸ್ಟೂಲು. ಹುಡುಗಿ ಬೋರ್ಡಿಗೆ ಬೆನ್ನು ಮಾಡಿ, ಕೈಕಟ್ಟಿ ನಿಂತಳು. ಮೇಷ್ಟ್ರು ಮೊದಲು ಸುಲಭದ್ದನ್ನು ಕೇಳಿದರು, ಆಮೇಲೆ ಜೋಗಕ್ಕೆ ಬಂದರು. ಜಗತ್ತಿನಲ್ಲೇ ಅತಿ ಎತ್ತರ ಎಂದಳು. ನೋಡಿದ್ರಾ, ಈಗ ಎತ್ತರ ಆಯ್ತು, ಎಂದು ಮೇಷ್ಟ್ರು ತರಗತಿಯ ಕಡೆ ತಿರುಗಿದರು. ಮಕ್ಕಳು ನಕ್ಕರು. ನಂತರ ಕಾವೇರಿ. ಅವಳು ಒಂದನ್ನೂ ಬಿಡದೆ, ಒಂದನ್ನೂ ಸರಿಮಾಡದೆ ಹೇಳಿದಳು. ಅರ್ಕಾವತಿಯನ್ನು ಅವರು ಕೊನೆಗೆ ಉಳಿಸಿಕೊಂಡಿದ್ದರು.

"ಅರ್ಕಾವತಿ?"

"ಬಲದಂಡೆ ಸಾರ್."

"ಯಾರು ಹೇಳಿದ್ದು?"

"ನೀವು ಸಾರ್."

"ಪುಟ?"

ತರಗತಿ ಗೊಳ್ಳೆಂದಿತು. ಅಟ್ಲಾಸಿನ ಪುಟ ತಿರುವುವಾಗ ಮೂಗು ಚಾಚಿ ನಿಲ್ಲುತ್ತಿದ್ದ ಅದೇ ಮಕ್ಕಳು, ಉತ್ತರದ ಕೆಳಗೆ ಪುಟಸಂಖ್ಯೆ ಬರೆಯುತ್ತಿದ್ದ ಅದೇ ಮಕ್ಕಳು. ಪರೀಕ್ಷೆಯಲ್ಲಿ ಮಾತ್ರ ಅವರು ಬರೆದಿರಲಿಲ್ಲ. ಅಷ್ಟು ಜ್ಞಾನ ಅವರಿಗೆ ನಾನು ಕಲಿಸದೆಯೇ ಇತ್ತು. ನಗು ನಿಲ್ಲುವವರೆಗೂ ಹುಡುಗಿ ಕಾದಳು.

"ಪುಟ ಇಲ್ಲ ಸಾರ್."

ಮೇಷ್ಟ್ರ ಮುಖ ಅರಳಿತು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, ಸಾಕ್ಷಿಗಳು ಏನು ಹೇಳುತ್ತಾರೆ ಎಂದರು. ನೋಟ್ಸಿನ ಪ್ರಕಾರ ಎಲ್ಲವೂ ಸರಿಯಾಗಿದೆ ಎಂದು ಹೇಳಿದೆ. ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಿರಲಿಲ್ಲ.

ಹುಡುಗಿ ಪಾಸಾದಳು. ಮೇಷ್ಟ್ರು ಉದಾರಿಗಳು, ಸೋತವರ ಮೇಲೆ ಅವರಿಗೆ ಸಿಟ್ಟು ನಿಲ್ಲುತ್ತಿರಲಿಲ್ಲ. ವರ್ಷದ ಕೊನೆಯ ಪ್ರಾರ್ಥನೆಯಲ್ಲಿ, ಬುದ್ಧಿ ಸ್ವಲ್ಪ ದಾರಿ ತಪ್ಪಿದ್ದರೂ ಅಕ್ಷರ ಮುತ್ತು ಎಂದು ಹೊಗಳಿ, ಮುಂದಿನ ವರ್ಷಕ್ಕೆ ಅವಳ ನೋಟ್ಸನ್ನೇ ಆರಿಸಿದರು. ನಾಳೆ ಬೆಳಗ್ಗೆ ತಂದುಕೊಡು ಎಂದರು. ನಾನು ಹಿಂದಿನ ಸಾಲಿನಲ್ಲಿ ನಿಂತವನು ಮುಖ ಗಂಭೀರ ಮಾಡಿಕೊಂಡೆ. ಅವರು ಆರಿಸಿದ್ದು ಯಾವ ನೋಟ್ಸು ಎಂದು ನನಗೆ ಗೊತ್ತಿತ್ತು. ಅಡ್ಡಗೆರೆ ಹೊಡೆದು ತಿದ್ದಿದ ನೋಟ್ಸು. ಮೇಷ್ಟ್ರು ಜೂನ್ ತಿಂಗಳವರೆಗೆ ಅದನ್ನು ಬಿಡಿಸುವುದಿಲ್ಲ. ಬಿಡಿಸಿದಾಗ ಎದುರಿಗೆ ಇಡೀ ತರಗತಿ ಪೆನ್ನು ಹಿಡಿದು ಕೂತಿರುತ್ತದೆ. ಅವರು ಕಣ್ಣಿಗೆ ಬಿದ್ದದ್ದನ್ನು ಓದುತ್ತಾರೆ, ಯೋಚಿಸುವ ಪದ್ಧತಿಯಿಲ್ಲ. ಆ ಬೇಸಿಗೆ ರಜೆಯಷ್ಟು ಸಂತೋಷವಾಗಿ ನಾನು ಇನ್ನಾವ ರಜೆಯನ್ನೂ ಕಳೆದಿಲ್ಲ.

ಶಾಲೆ ಮತ್ತೆ ಶುರುವಾಯಿತು; ಗಣಿತದ ಮೇಷ್ಟ್ರ ರಜೆ ಇನ್ನೂ ಮುಗಿಯದೆ ಗುರುವಾರದ ಲೈಬ್ರರಿ ನನ್ನ ಕೈಯಲ್ಲೇ ಉಳಿದಿತ್ತು. ಒಂಬತ್ತರ ಬಿ ವಿಭಾಗದ ಕಾರಿಡಾರಿನಲ್ಲಿ ನನಗೆ ಇದ್ದಕ್ಕಿದ್ದಂತೆ ತುಂಬ ಕೆಲಸ ಬೀಳತೊಡಗಿತು. ಕೈಯಲ್ಲಿ ಒಂದು ಪುಸ್ತಕ ಹಿಡಿದುಕೊಂಡು ಓಡಾಡುತ್ತಿದ್ದೆ. ಕೊನೆಗೊಂದು ದಿನ ಮೇಷ್ಟ್ರು ಕಾವೇರಿಗೆ ಬಂದರು. ನಾನು ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತೆ. ಬರೆದುಕೊಳ್ಳಿ, ಎಂದರು. ಬಲದಂಡೆಯ ಉಪನದಿಗಳು, ಎಂದರು. ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿ. ಒಂದು ಕಡೆಯೂ ತಡೆಯಲಿಲ್ಲ, ತೊದಲಲಿಲ್ಲ. ಅವರ ಕೈಯಲ್ಲಿದ್ದ ಪುಟದಲ್ಲಿ ಅಡ್ಡಗೆರೆಗಳಿರಲಿಲ್ಲ.

ಊಟದ ಬಿಡುವಿನಲ್ಲಿ ಹತ್ತನೇ ತರಗತಿಯ ಬಾಗಿಲಿಗೆ ಹೋಗಿ ಹುಡುಗಿಯನ್ನು ಹೊರಗೆ ಕರೆದೆ. ರಜೆಯಲ್ಲಿ ಉದ್ದವಾಗಿದ್ದಳು. ನಾನು ಏನು ಕೇಳಲು ಬಂದಿದ್ದೇನೆಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು.

"ನೋಟ್ಸ್ ಕೊಡೋ ಹಿಂದಿನ ದಿನ ಪೂರ್ತಿ ಹೊಸದಾಗಿ ಬರೆದೆ ಸಾರ್. ಮೊದಲಿದ್ದ ಹಾಗೇ."

ಯಾಕೆ ಎಂದು ಕೇಳಿದೆ. ಅವಳು ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದಳು.

"ನನ್ ತಂಗಿ ಈ ವರ್ಷ ಒಂಬತ್ತನೇ ಕ್ಲಾಸಿಗೆ ಬಂದಿದಾಳೆ. ಬಿ ಸೆಕ್ಷನ್ನೇ."

ಅವಳು ಒಳಗೆ ಹೋಗಲು ತಿರುಗಿದವಳು ನಿಂತಳು.

"ಅವಳು ಗುರುವಾರ ಲೈಬ್ರರಿಗೆ ಬರ್ತಾಳೆ. ಕಥೆ ಪುಸ್ತಕ ಕೊಡಿ ಸಾರ್, ಸಾಕು."

ಗುರುವಾರ ಬಂತು. ತಂಗಿಯನ್ನು ಜಡೆಯಲ್ಲೇ ಗುರುತು ಹಿಡಿದೆ. ಎಲ್ಲರಿಗೂ ಅಟ್ಲಾಸು ಹಂಚಿದೆ. ಅವಳಿಗೆ ಕಥೆ ಪುಸ್ತಕ ಕೊಟ್ಟೆ.